ಅಗಲ ಟೈರಿನ ಹುಚ್ಚು, ಹಿಡಿತದ ಲೆಕ್ಕ

ನಮ್ಮ ಮಡಕಶಿರಾ ಸೀಮೆಯ ಹುಡುಗರಿಗೆ ಈಗ ಒಂದು ಗೀಳು ಹತ್ತಿದೆ. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಎರಡು ವರ್ಷ ಆಗುವಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ತರುತ್ತಾರೆ. ಪೂಜೆ ಮಾಡಿಸಿದ ನಿಂಬೆಹಣ್ಣು ಒಣಗುವ ಮೊದಲೇ ಅದರ ಟೈರು ಬಿಚ್ಚಿಸಿ, ಮಡ್‌ಗಾರ್ಡಿನಿಂದ ಆಚೆ ಇಣುಕುವಂಥ ಅಗಲ ಟೈರು ಹಾಕಿಸುತ್ತಾರೆ. ಯಾಕಪ್ಪಾ ಅಂದರೆ ‘ಗ್ರಿಪ್ಪು ಮಾವ, ಗ್ರಿಪ್ಪು’ ಅನ್ನುತ್ತಾರೆ. ಟೈರು ಅಗಲವಾದಷ್ಟೂ ಹಿಡಿತ ಹೆಚ್ಚು ಎಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಆ ಅರ್ಧಕ್ಕೆ ನಮ್ಮ ಹುಡುಗರು ಪೂರಾ ದುಡ್ಡು ತೆರುತ್ತಿದ್ದಾರೆ, ಅದರ ಮೇಲೆ ಜೀವವನ್ನೂ ಒತ್ತೆ ಇಡುತ್ತಿದ್ದಾರೆ ಎಂಬುದು ನನ್ನ ತಕರಾರು.

ಎಸ್ಸೆಸ್ಸೆಲ್ಸಿ ಓದಿದ ಕಡಲೇಕಾಯಿ ರೈತನಿಗೆ ಸ್ಪೋರ್ಟ್ಸ್ ಕಾರಿನ ಟೈರಿನ ಮಾತೇಕೆ ಎಂದು ಓದುಗರು ಕೇಳಬಹುದು. ರೈತನಿಗಿಂತ ಅಗಲವಾದ ಟೈರಿನ ಜತೆ ಬಾಳುವೆ ಮಾಡಿದವರು ಯಾರಿದ್ದಾರೆ ಸ್ವಾಮಿ? ನಮ್ಮ ಟ್ರ್ಯಾಕ್ಟರಿನ ಹಿಂದಿನ ಟೈರು 13.6-28. ಅಂದರೆ ಹದಿಮೂರೂವರೆ ಇಂಚಿಗೂ ಮಿಕ್ಕಿದ ಅಗಲ. ಉಳುವಾಗ ಅದರ ಗಾಳಿ ಇಳಿಸುತ್ತೇವೆ. ಟೈರು ಮೆತ್ತಗೆ ಕೂತು ಹೆಚ್ಚು ನೆಲ ಮುಟ್ಟುತ್ತದೆ, ಸಡಿಲ ಮಣ್ಣಲ್ಲಿ ಹೂತುಹೋಗುವುದಿಲ್ಲ. ಗಾಡಿಯ ಭಾರ ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಗಾಳಿ. ಟೈರು ನೆಲ ಮುಟ್ಟುವ ಜಾಗ ಎಷ್ಟು ಎಂಬುದನ್ನು ಗಾಡಿಯ ಭಾರ, ಗಾಳಿಯ ಒತ್ತಡ ಇವೆರಡೂ ಸೇರಿ ಬಹುಮಟ್ಟಿಗೆ ತೀರ್ಮಾನ ಮಾಡುತ್ತವೆ.

ಇದೇ ಲೆಕ್ಕವನ್ನು ಕಾರಿಗೆ ಹಾಕೋಣ. ನಮ್ಮ ತಂಗಿ ಮಗನ ಹತ್ತಿರ ಇರುವುದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 2013ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ. 2022ಕ್ಕೆ ಪೋಲೊ ಇಲ್ಲಿ ನಿಂತೇ ಹೋಯಿತು. ಎಂಜಿನ್ನು 1.2 ಲೀಟರಾದರೂ ಟರ್ಬೊ ಇರುವುದರಿಂದ 105 ಕುದುರೆ ಶಕ್ತಿ. ಗಾಡಿಯ ತೂಕ ಸುಮಾರು 1,100 ಕೆಜಿ. ಚಕ್ರ ಒಂದಕ್ಕೆ ಸರಾಸರಿ 275 ಕೆಜಿ. 32 ಪೌಂಡ್ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಎರಡೂಕಾಲು ಕೆಜಿ. ಭಾಗಿಸಿ ನೋಡಿ, 120 ಚದರ ಸೆಂಟಿಮೀಟರ್ ಚಿಲ್ಲರೆ ಬರುತ್ತದೆ, ನನ್ನ ಅಂಗೈಯಷ್ಟು. ಅಷ್ಟು ದೊಡ್ಡ ಕಾರು ನಿಂತಿರುವುದು ನಾಲ್ಕು ಅಂಗೈ ಜಾಗದ ಮೇಲೆ! ಟೈರು ಅಗಲ ಮಾಡಿ ಗಾಳಿ ಅಷ್ಟೇ ಇಟ್ಟರೆ ಆ ಜಾಗ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಆಕಾರ ಮಾತ್ರ ಬದಲು: ಉದ್ದ ಇದ್ದದ್ದು ಗಿಡ್ಡವಾಗಿ ಅಡ್ಡಡ್ಡ ಹರಡುತ್ತದೆ.

ಹಾಗಾದರೆ ಅಗಲದಿಂದ ಲಾಭವೇ ಇಲ್ಲವೇ? ಇದೆ. ಒಣ ಡಾಂಬರಿನ ಮೇಲೆ ಜೋರಾಗಿ ತಿರುಗುವಾಗ ಅಡ್ಡ ಹರಡಿದ ಆಕಾರ ಚೆನ್ನಾಗಿ ತಡೆಯುತ್ತದೆ, ಹುಟ್ಟಿದ ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. ರೇಸಿನ ಕಾರುಗಳು ಅಗಲ ಟೈರು ಹಾಕುವುದು ಇದಕ್ಕೇ. ಮೆತ್ತನೆ ರಬ್ಬರು ಬೇಗ ಸವೆಯುತ್ತದೆ, ಅಗಲ ಇದ್ದರೆ ಅಷ್ಟು ಹೊತ್ತು ಬಾಳುತ್ತದೆ. ಆದರೆ ಅಲ್ಲಿ ಹಿಡಿಯುವುದು ಮುಖ್ಯವಾಗಿ ರಬ್ಬರಿನ ಗುಣ, ಅಗಲ ಅದರ ಒತ್ತಾಸೆಗೆ ಇರುವುದು. ಕಲ್ಲಿನಂಥ ರಬ್ಬರಿನ 215 ಟೈರಿಗಿಂತ ಒಳ್ಳೆ ರಬ್ಬರಿನ 195 ಮೇಲು. ತೆಲುಗಿನಲ್ಲಿ ಹಿಡಿತಕ್ಕೆ ‘ಪಟ್ಟು’ ಎನ್ನುತ್ತೇವೆ. ಕನ್ನಡದಲ್ಲಿ ಪಟ್ಟು ಎಂದರೆ ಹಟ. ಟೈರಿಗೆ ತೆಲುಗಿನ ಪಟ್ಟು ಬೇಕು. ನಮ್ಮ ಹುಡುಗರ ಹತ್ತಿರ ಇರುವುದು ಕನ್ನಡದ ಪಟ್ಟು.

ಕಾರು ಮಾಡಿದವರ ಕಡೆಯಿಂದಲೇ ಎರಡು ಉದಾಹರಣೆ ಕೊಡುತ್ತೇನೆ. 1989ರಲ್ಲಿ ಮಜ್ದಾ ಕಂಪನಿ ಎಂಎಕ್ಸ್-5 ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದಿತು. ಲೋಕವೆಲ್ಲ ಕೊಂಡಾಡಿದ ಗಾಡಿ. ಅದರ ಟೈರು 185/60 ಆರ್ 14, ಅಂದರೆ ಅಗಲ ಬರೀ 185. 2012ರಲ್ಲಿ ಟೊಯೋಟಾ ಜಿಟಿ 86 ತಂದಾಗ ಅದಕ್ಕೆ 215 ಅಗಲದ ಸಾಧು ಟೈರು ಹಾಕಿತು, ಮೈಲೇಜಿಗೆ ಹೆಸರಾದ ಪ್ರಿಯಸ್ ಕಾರಿಗೂ ಅದೇ ಟೈರು ಬರುತ್ತಿತ್ತು. ಓಡಿಸುವವನಿಗೆ ಗಾಡಿಯ ಹಿಡಿತ ಎಲ್ಲಿ ಬಿಡುತ್ತದೆ ಎಂಬುದು ಕಮ್ಮಿ ಸ್ಪೀಡಿನಲ್ಲೇ ತಿಳಿಯಲಿ ಎಂದು ಬೇಕೆಂದೇ ಮಾಡಿದ್ದು. ಜಪಾನಿನ ಎಂಜಿನಿಯರುಗಳಿಗೆ ಅಗಲ ಟೈರು ಸಿಗದೆ ಹೋಗಿತ್ತೇ?

ಈಗ ನಮ್ಮ ರಸ್ತೆಗೆ ಬನ್ನಿ. ಸುಗ್ಗಿ ಕಾಲದಲ್ಲಿ ರೊಳ್ಳ, ಅಗಳಿ, ಅಮರಾಪುರದ ಕಡೆ ರಾಗಿ ಹುಲ್ಲು, ಹುರುಳಿ ಎಲ್ಲ ಡಾಂಬರಿನ ಮೇಲೇ ಒಕ್ಕಣೆ. ತಪ್ಪೋ ಸರಿಯೋ, ಕಣ ಮಾಡುವ ಕಾಲ ಹೋಯಿತು. ಟೈರಿನ ಕೆಳಗೆ ರಾಗಿ ಕಾಳು ಬಂದರೆ ಬೇರಿಂಗಿನ ಗುಂಡು ಹರವಿದಂತೆ. ಎಷ್ಟೇ ಅಗಲವಿರಲಿ, ಎಷ್ಟೇ ಮೆತ್ತಗಿರಲಿ, ಡಾಂಬರು ಸಿಕ್ಕಿದರಲ್ಲವೇ ಹಿಡಿಯುವುದು. ಮಳೆಗಾಲದ್ದು ಇನ್ನೂ ಕಷ್ಟ. ರಸ್ತೆಯ ಮೇಲೆ ನೀರು ನಿಂತಿದ್ದಾಗ ಟೈರು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾರದಷ್ಟು ವೇಗಕ್ಕೆ ಹೋದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಮೆರಿಕದ ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 32 ಪೌಂಡ್ ಗಾಳಿಗೆ ಈ ತೇಲಾಟ ಶುರುವಾಗುವುದು ಗಂಟೆಗೆ ಸುಮಾರು 94 ಕಿಲೋಮೀಟರಿನಲ್ಲಿ. ಅಗಲ ಟೈರಿಗೆ ತಳ್ಳಬೇಕಾದ ನೀರೂ ಹೆಚ್ಚು. ಸವೆದ ಅಗಲ ಟೈರಂತೂ ಇನ್ನೂ ಮೊದಲೇ ಕೈಕೊಡುತ್ತದೆ. ಶನಿವಾರ ರಾತ್ರಿ ಬೆಂಗಳೂರು ಬಿಟ್ಟು ಶಿರಾ ಮೇಲೆ ಊರಿಗೆ ಬರುವ ನಮ್ಮ ಹುಡುಗರು ಹೈವೇಯಲ್ಲಿ 94ಕ್ಕೆ ನಿಲ್ಲುತ್ತಾರೆಯೇ?

ತಂಗಿ ಮಗನ ವಿಷಯಕ್ಕೆ ಬರುತ್ತೇನೆ. ಅವನ ಕಾರಿಗೆ ಕಂಪನಿ ಕೊಟ್ಟದ್ದು 185/60 ಆರ್ 15. ಈ ಅಂಕಿ ಏನೆಂದು ಟೈರಿನ ಮೇಲೆ ಕನ್ನಡದಲ್ಲೂ ಬರೆದಿಲ್ಲ, ತೆಲುಗಿನಲ್ಲೂ ಬರೆದಿಲ್ಲ, ಆದ್ದರಿಂದ ಹೇಳುತ್ತೇನೆ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಅದರ ಗೋಡೆಯ ಎತ್ತರ ಅಗಲದ ನೂರಕ್ಕೆ 60 ಪಾಲು, ಅಂದರೆ 111 ಮಿ.ಮೀ. 15 ಎಂದರೆ ಡಿಸ್ಕಿನ ಅಳತೆ, ಇಂಚಿನಲ್ಲಿ. ಬೆಂಗಳೂರಿನ ಅಂಗಡಿಯೊಂದರವರು ಇವನಿಗೆ 17 ಇಂಚಿನ ಅಲಾಯ್ ಜತೆ 215/40 ಟೈರು ಹಾಕಿ ಕಳಿಸಿದರು. ಚಕ್ರದ ಒಟ್ಟು ಎತ್ತರ ಎರಡಕ್ಕೂ 603 ಮಿ.ಮೀ. ಆಸುಪಾಸು, ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಅಷ್ಟರಮಟ್ಟಿಗೆ ಅಂಗಡಿಯವರ ಮಾತು ನಿಜ. ಆದರೆ ಗೋಡೆ 111ರಿಂದ 86ಕ್ಕೆ ಇಳಿಯಿತು. ಗುಂಡಿಯ ಏಟು ತಿನ್ನಲು ಇರುವುದೇ ಆ ಗೋಡೆ. ಹಿಂದೂಪುರದ ದಾರಿಯಲ್ಲಿ ಒಂದೇ ಒಂದು ಗುಂಡಿ, ಮುಂದಿನ ಎಡ ಟೈರಿನ ಮಗ್ಗುಲಲ್ಲಿ ಕೋಳಿಮೊಟ್ಟೆಯಷ್ಟು ಗುಳ್ಳೆ ಎದ್ದಿತು. ಒಳಗಿನ ನೂಲು ಹರಿದರೆ ಏಳುವ ಗುಳ್ಳೆ ಅದು. ಅದನ್ನು ಪಂಕ್ಚರ್ ಹಾಕಿ ಉಳಿಸಿಕೊಳ್ಳಲು ಬರುವುದಿಲ್ಲ, ಟೈರು ಎಸೆಯಬೇಕು. ಸಾಲದ್ದಕ್ಕೆ ಹಿಂದೆ ಮೂವರು ಕೂತರೆ ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಕಾರಣ ಆಫ್‌ಸೆಟ್. ಡಿಸ್ಕು ಹಬ್ಬಿಗೆ ಕೂರುವ ಮುಖ, ಡಿಸ್ಕಿನ ನಟ್ಟನಡುವಿನಿಂದ ಎಷ್ಟು ದೂರ ಎಂಬ ಲೆಕ್ಕ ಅದು. ಆ ಅಂಕಿ ಕಮ್ಮಿಯಾದರೆ ಚಕ್ರ ಆಚೆ ಬರುತ್ತದೆ, ಬೇರಿಂಗಿಗೆ ಭಾರ, ಒಂದು ಕಡೆ ನೀರಿಗೆ ಬಿದ್ದರೆ ಸ್ಟೇರಿಂಗು ಎಳೆಯುತ್ತದೆ. ‘ಲುಕ್ಕು ಬರುತ್ತೆ’ ಅಂದಿದ್ದರಂತೆ. ಬಂತು.

ಕಾನೂನೂ ಇದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿಯನ್ನು ಮಾರ್ಪಾಡು ಮಾಡಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಗಡಿಯವರಾದ ನಮಗಂತೂ ಕೆಎ ನಂಬರಿನ ಗಾಡಿ ಆಂಧ್ರದಲ್ಲಿ ಓಡಾಡುತ್ತಿದ್ದರೇ ಸಾಕು, ಕೈ ಅಡ್ಡ ಹಿಡಿಯುವವರಿದ್ದಾರೆ. ಚಕ್ರ ಆಚೆ ಚಾಚಿದ್ದರೆ ಕೇಳಬೇಕೇ.

ಅಗಲ ಬೇಕೇ ಬೇಕು ಅನ್ನುವವರು ಒಂದು ಮೆಟ್ಟಿಲು ಏರಿ, ಸಾಕು. ಅದೇ 15 ಇಂಚಿನ, ಆರು ಇಂಚು ಅಗಲದ ಕಂಪನಿ ಡಿಸ್ಕಿಗೆ 195/60 ಸಲೀಸಾಗಿ ಕೂರುತ್ತದೆ. ಗೋಡೆ 117 ಮಿ.ಮೀ. ಆಗುತ್ತದೆ, ಗಾಡಿ ಆರು ಮಿ.ಮೀ. ಮೇಲೆ ಏಳುತ್ತದೆ, ನಮ್ಮ ರಸ್ತೆಗೆ ಅದೂ ಲಾಭವೇ. ಮೀಟರು 100 ತೋರಿಸುವಾಗ ಮೊದಲಿಗಿಂತ ನೂರಕ್ಕೆ ಎರಡು ಪಾಲು ಜಾಸ್ತಿ ಓಡುತ್ತಿರುತ್ತೀರಿ, ನೆನಪಿರಲಿ. ಗೋಡೆಯ ಮೇಲೆ 88ವಿ ಎಂದಿದ್ದರೆ ಒಂದು ಟೈರು 560 ಕೆಜಿ ಹೊರುತ್ತದೆ, 240 ಕಿಲೋಮೀಟರಿನ ವೇಗ ತಡೆಯುತ್ತದೆ ಎಂದು ಅರ್ಥ. ಕಂಪನಿ ಕೊಟ್ಟದ್ದಕ್ಕಿಂತ ಈ ಅಂಕಿ ಕೆಳಗೆ ಇಳಿಯಕೂಡದು. ನಾಲ್ಕು ಅಂಕಿಯ ತಾರೀಖು ನೋಡಿ: 2324 ಎಂದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಬೀಜ ಕೊಳ್ಳುವಾಗ ಚೀಲದ ತಾರೀಖು ನೋಡುವ ನಮ್ಮವರು ಟೈರಿಗೆ ಮಾತ್ರ ಕಣ್ಣು ಮುಚ್ಚಿ ದುಡ್ಡು ಕೊಡುತ್ತಾರೆ.

ಕೂರಿಸುವಾಗ ಅಂಗಡಿಯ ಮುಂದೆ ಟೀ ಕುಡಿಯುತ್ತಾ ನಿಲ್ಲಬೇಡಿ, ಒಳಗೆ ಹೋಗಿ. ಟೈರಿನ ಗೋಡೆಯಲ್ಲಿ ‘ಔಟ್‌ಸೈಡ್’ ಎಂದು ಬರೆದಿದ್ದರೆ ಆ ಮಗ್ಗುಲು ಆಚೆಗೇ ಬರಬೇಕು. ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಗಾಳಿ ಗನ್ನಿನಿಂದ ಟರ್ರೆಂದು ಬಿಗಿದು ಕಳಿಸಲು ಬಿಡಬೇಡಿ. ಈ ಪೋಲೊ ಗಾಡಿಯ ಬೋಲ್ಟಿಗೆ 120 ನ್ಯೂಟನ್ ಮೀಟರ್ ಬಿಗಿತ. ಅದಕ್ಕೆ ಟಾರ್ಕ್ ಪಾನವೇ ಇದೆ, ಅದರಲ್ಲಿ ಎದುರುಬದುರಾಗಿ ಬಿಗಿಸಬೇಕು. ಆಮೇಲೆ ಬ್ಯಾಲೆನ್ಸಿಂಗು, ಅಲೈನ್‌ಮೆಂಟು. ಹಿಂದಿನ ಸೀಟು ತುಂಬ ಜನ ಕೂರಿಸಿ ಸ್ಟೇರಿಂಗು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಾದರೂ ಉಜ್ಜುತ್ತದೆಯೇ ಕೇಳಿ. ಹೊಸ ರಬ್ಬರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ ಇನ್ನೂರು ಕಿಲೋಮೀಟರು ಮೆಲ್ಲಗೆ ಹೋಗಲಿ. ನೂರು ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿಸಿ.

ಇನ್ನು ಸ್ಟೆಪ್ನಿ. ಅದು ಹಳೆಯ 185ರದ್ದೇ ಡಿಕ್ಕಿಯಲ್ಲಿ ಉಳಿದಿರುತ್ತದೆ, ಉಳಿದ ನಾಲ್ಕಕ್ಕಿಂತ 12 ಮಿ.ಮೀ. ಗಿಡ್ಡ. ಎಂಜಿನ್ನಿನ ಎಳೆತ ಇರುವುದು ಮುಂದಿನ ಚಕ್ರಗಳಿಗೆ. ರಾತ್ರಿ ಹನ್ನೊಂದಕ್ಕೆ ಅಗಳಿ ಹತ್ತಿರ ಮುಂದಿನ ಚಕ್ರ ಪಂಕ್ಚರ್ ಆದರೆ ಸ್ಟೆಪ್ನಿಯನ್ನು ನೇರವಾಗಿ ಮುಂದೆ ಹಾಕಬೇಡಿ. ಹಿಂದಿನ ಒಂದು ಒಳ್ಳೆ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿ. ಎರಡು ಸಲ ಜಾಕ್ ಎತ್ತಬೇಕಾಗುತ್ತದೆ; ಜತೆಗೆ ಒಂದು ಬ್ಯಾಟರಿ ಇಟ್ಟುಕೊಂಡಿರಿ.