ಬಿಡುವಿನ ಕೈಗೆಲಸ: ಮುರಿದ ಸೈನಿಕನಿಗೆ ಹೊಸ ಕೈ

ಸೋದರಿಯರೇ, ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ವಿಚಾರ ಬರೆದಿದ್ದೆ. ಈ ಸಲವೂ ನಾದುವ ಮಾತೇ, ಆದರೆ ತಿನ್ನುವ ಹಿಟ್ಟಲ್ಲ.

ನಮ್ಮ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಈ ಸಲ ಎರಡು ಪೇಪರು ಹೋಯಿತು. ಮನೆಗೆ ಬಂದವನು ಬಾಗಿಲು ಹಾಕಿಕೊಂಡು, ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಮುಂದಿಟ್ಟುಕೊಂಡು ಕೂತುಬಿಡುತ್ತಿದ್ದ. "ಇಪ್ಪತ್ತು ವರ್ಷದವನಿಗೆ ಬೊಂಬೆಯಾಟ!" ಅಂತ ನಮ್ಮ ಯಜಮಾನರು ಗುಡುಗಿದರು. ಅಪ್ಪ ಮಗನಿಗೆ ಮಾತು ನಿಂತು ಹದಿನೈದು ದಿನ. ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸಿ ಬಡಿಸಿ ನನಗೆ ಸಾಕಾಗಿತ್ತು.

ಒಂದು ದಿನ ಮೇಜು ಒರೆಸಲು ಹೋಗಿ ಒಬ್ಬ ಸೈನಿಕನನ್ನು ಬೀಳಿಸಿದೆ. ಕೈ ಕಳಚಿಕೊಂಡು ಎಲ್ಲಿ ಹೋಯಿತೋ, ಸಿಗಲೇ ಇಲ್ಲ. ಹೆದರುತ್ತಲೇ ಹೇಳಿದೆ. "ಇರಲಿ ಬಿಡಮ್ಮಾ, ಹೊಸದು ಮಾಡಿದರಾಯ್ತು" ಅಂದ. ಬೈದಿದ್ದರೇ ವಾಸಿ ಅನ್ನಿಸಿತು. ಪಕ್ಕದಲ್ಲೇ ಕೂತೆ.

ಇದು ವಾರ್‌ಹ್ಯಾಮರ್ ೪೦,೦೦೦ ಅನ್ನುವ ಆಟ. ೧೯೮೭ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದದ್ದು. ಸಾವಿರಾರು ವರ್ಷ ಮುಂದಿನ ನಕ್ಷತ್ರಲೋಕದ ಯುದ್ಧ. ಪಗಡೆಯ ಹಾಗೆ ದಾಳವೂ ಉಂಟು, ಆದರೆ ಮನೆಗಳಿಲ್ಲ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನ್ಯ ನಡೆಸಬೇಕು. ಸೈನಿಕರು ಬಿಡಿಭಾಗಗಳಾಗಿ ಬರುತ್ತಾರೆ. ಒಬ್ಬನ ತಲೆ ಇನ್ನೊಬ್ಬನಿಗೆ ಅಂಟಿಸಿ, ಇಲ್ಲದ ಅಂಗವನ್ನು ಕೈಯಲ್ಲೇ ತಿದ್ದಿ, ತನ್ನದೇ ಅನ್ನುವ ಹಾಗೆ ಮಾಡುವುದಕ್ಕೆ ಕನ್ವರ್ಷನ್ ಅಂತಾರೆ.

ಮೊದಲು ಭುಜಕ್ಕೆ ಪುಟ್ಟ ಕೈಡ್ರಿಲ್ಲಿನಿಂದ ತೂತು ಕೊರೆದು, ಕಾಗದಕ್ಕೆ ಹಾಕುವ ಕ್ಲಿಪ್ಪಿನ ತಂತಿಯ ತುಂಡನ್ನು ಅಂಟಿಸಿ, ಮೊಣಕೈ ಹತ್ತಿರ ಬಗ್ಗಿಸಿದ. ಅದೇ ಮೂಳೆ. ಮಾಂಸಕ್ಕೆ ಏನು ಗೊತ್ತೇ? ನಲ್ಲಿ ಸೋರಿದರೆ ನಾವು ಮೆತ್ತುವ ಎಂ-ಸೀಲ್! ಎರಡು ತುಂಡನ್ನೂ ಸಮಸಮ ತೆಗೆದುಕೊಂಡು, ಬಣ್ಣ ಒಂದಾಗುವವರೆಗೆ ನಾದಬೇಕು. ಬೇಗ ಬಿಗಿಯುತ್ತದೆ, ಆದ್ದರಿಂದ ಕಡಲೆಕಾಳಿನಷ್ಟೇ ಕಲಸಿ. ಬರಿಗೈ ಬೇಡ, ಕೈಚೀಲ ಹಾಕಿಕೊಳ್ಳಿ. ಅಡುಗೆಮನೆಯ ಚಾಕು ಬಟ್ಟಲು ಖಂಡಿತ ಮುಟ್ಟಬೇಡಿ. ಸಲಕರಣೆಯ ತುದಿಯನ್ನು ನೀರಿಗೆ ಅದ್ದುತ್ತಾ ತಿದ್ದಿದರೆ ಅಂಟುವುದಿಲ್ಲ. ಕಡುಬಿಗೆ ಕೈ ಒದ್ದೆ ಮಾಡಿಕೊಳ್ಳುವುದಿಲ್ಲವೇ, ಹಾಗೆ. ಒಂದೇ ಸಲಕ್ಕೆ ದಪ್ಪ ಮೆತ್ತದೆ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಪೂರ್ತಿ ಗಟ್ಟಿಯಾದ ಮೇಲೆ ಉಪ್ಪುಕಾಗದ ಉಜ್ಜಬಹುದು. ನೀರು ಹಾಕಿ ಉಜ್ಜಿ, ಧೂಳು ಮೂಗಿಗೆ ಹೋಗಬಾರದು.

ಬಟ್ಟೆಯ ನೆರಿಗೆಗೆ ಮಾತ್ರ ಅವನ ಹತ್ತಿರ ಬೇರೆ ಪುಟ್ಟಿ ಇತ್ತು. ಹಳದಿ ನೀಲಿ ಪಟ್ಟಿ, ಕಲಸಿದರೆ ಹಸಿರು. ಗಂಟೆಗೂ ಮೇಲೆ ಮೆತ್ತಗಿರುತ್ತದೆ, ಒಣಗಿದರೂ ಸ್ವಲ್ಪ ಬಳುಕುತ್ತದೆ. ಅದರಲ್ಲಿ ಸೈನಿಕನ ಬೆನ್ನಿಗೆ ನಿಲುವಂಗಿ ತಿದ್ದುತ್ತಿದ್ದ. ನೆರಿಗೆಗಳೆಲ್ಲ ಬಾಚಣಿಗೆ ಎಳೆದ ಹಾಗೆ ಸಾಲುಸಾಲು! ನನಗೆ ತಡೆಯಲಾಗಲಿಲ್ಲ. ನನ್ನ ಸೆರಗನ್ನೇ ತೋರಿಸಿ, "ನೋಡೋ, ಪಿನ್ನು ಚುಚ್ಚಿದ ಕಡೆಯಿಂದ ನೆರಿಗೆ ಹೊರಡುತ್ತೆ, ಕೆಳಗೆ ಬರ್ತಾ ಅಗಲ ಆಗುತ್ತೆ" ಅಂದೆ. ಅಳಿಸಿ ಮತ್ತೆ ತಿದ್ದಿದ. ಬಟ್ಟೆ ಬಟ್ಟೆಯ ಹಾಗೇ ಬಿತ್ತು.

ಕೈ ಕೆಲಸದಲ್ಲಿದ್ದರೆ ಬಾಯಿ ಸಡಿಲವಾಗುತ್ತದೆ ನೋಡಿ. ತಲೆ ಎತ್ತದೆಯೇ ಹೇಳಿದ: ಮೊದಲ ವರ್ಷದಿಂದಲೂ ಗಣಿತ ತಲೆಗೆ ಹತ್ತುತ್ತಿಲ್ಲ, ಅಪ್ಪ ಕಟ್ಟಿದ ಫೀಸು ನೆನೆದು ಯಾರಿಗೂ ಹೇಳಿಲ್ಲ. ನಾನು ಏನೂ ಅನ್ನಲಿಲ್ಲ. ಇನ್ನೊಂದು ಕಾಳಿನಷ್ಟು ಕಲಸಿಕೊಟ್ಟೆ. ರಾತ್ರಿ ಯಜಮಾನರಿಗೆ ತಿಳಿಸಿದೆ. ಅವರು ಮಗ್ಗುಲು ಬದಲಿಸಿದರು, ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಬಚ್ಚಲಿನ ನಲ್ಲಿ ಸೋರುತ್ತಿತ್ತು. ಯಜಮಾನರು ಮಗನ ಕೋಣೆ ಬಾಗಿಲಲ್ಲಿ ನಿಂತು, "ಎಂ-ಸೀಲು ಏನಾದರೂ ಮಿಕ್ಕಿದೆಯೋ, ಎಲ್ಲಾ ನಿನ್ನ ಸೈನ್ಯಕ್ಕೇ ಆಯ್ತೋ?" ಅಂದರು.

"ಇದೆ ಅಪ್ಪಾ, ನಾನೇ ಹಾಕ್ತೀನಿ" ಅಂತ ಅವನು ಎದ್ದ.