ಗಿಟಾರಿಗೆ ಕಾರಿನ ಬಣ್ಣ

ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಬಣ್ಣ ಹೊಡೆಸಬೇಕೆಂದರೆ ಹೈದರಾಬಾದಿನಲ್ಲಿ ಯಾರ ಹತ್ತಿರ ಹೋಗಬೇಕು? ಆಫೀಸಿನಲ್ಲಿ ಗಿಟಾರ್ ನುಡಿಸುವ ನಾಲ್ಕು ಜನರನ್ನು ಕೇಳಿದೆ. ಇಬ್ಬರು ಬೆಂಗಳೂರಿನ ಕಡೆ ಕೈ ತೋರಿಸಿದರು, ಇನ್ನಿಬ್ಬರು ಹೊಸದೇ ತಗೊಳ್ಳಿ ಅಂದರು. ನನ್ನ ಉತ್ತರ ಬೇರೆ: ಕಾರಿನ ಡೆಂಟಿಂಗ್-ಪೇಂಟಿಂಗ್ ಶೆಡ್ಡಿಗೆ ಹೋಗಿ. ತಮಾಷೆ ಮಾಡುತ್ತಿಲ್ಲ. ಈ ವಾದ್ಯದ ಬಣ್ಣದ ತವರುಮನೆಯೇ ಅದು.

1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದಿತು. ಅಲ್ಲಿಯವರೆಗೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಕಾಯಬೇಕಿತ್ತು, ಇದು ನೋಡನೋಡುತ್ತಲೇ ಒಣಗುತ್ತಿತ್ತು. ಮುಂದೆ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಗಿಟಾರ್ ಕಾರ್ಖಾನೆ ನಡೆಸುತ್ತಿದ್ದಾಗ, ಗಿರಾಕಿ ಬೇರೆ ಬಣ್ಣ ಕೇಳಿದರೆ ಬೆಲೆಯ ಮೇಲೆ ಶೇ. 5 ಹೆಚ್ಚಿಗೆ ತಗೊಂಡು ಡ್ಯುಪಾಂಟಿನ ಕಾರಿನ ಬಣ್ಣವನ್ನೇ ಹೊಡೆದುಕೊಡುತ್ತಿದ್ದರು. ಇವತ್ತು ಗಿಟಾರ್ ಹುಚ್ಚಿನವರು ಪೂಜಿಸುವ ‘ಫಿಯೆಸ್ಟಾ ರೆಡ್’ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನದು. ‘ಲೇಕ್ ಪ್ಲಾಸಿಡ್ ಬ್ಲೂ’ ಕ್ಯಾಡಿಲಾಕ್ ಕಾರಿನದು. ಅವರು ತಮ್ಮ ರಸ್ತೆಯ ಬಣ್ಣ ಆರಿಸಿಕೊಂಡರು, ನಾನು ನಮ್ಮ ರಸ್ತೆಯದು ಆರಿಸಿಕೊಂಡೆ: ರಾಯಚೂರಿನಿಂದ ಇಲ್ಲಿಗೆ ಬರುವ ಕೆಂಪು ಬಸ್ಸಿನ ಕೆಂಪು.

ಡ್ಯೂಕೋ ಎಂಬ ಹೆಸರು ಇಲ್ಲಿ ಇನ್ನೂ ಜೀವಂತ. ನಿರ್ಮಲ್ ಊರಿನ ಕಲಾವಿದರು ತಮ್ಮ ಮರದ ಆಟಿಕೆ, ಚಿತ್ರಗಳಿಗೆ ಡ್ಯೂಕೋ ಬಣ್ಣ ಬಳಸುತ್ತಾರೆ. ನಮ್ಮ ಫ್ಲಾಟುಗಳ ವಾರ್ಡ್‌ರೋಬ್ ಮಾಡುವ ಬಡಗಿಗಳೂ ಹೊಳೆಯುವ ಫಿನಿಷ್‌ಗೆ ‘ಡ್ಯೂಕೋ’ ಅಂತಲೇ ಅನ್ನುತ್ತಾರೆ, ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಸರಿ.

ಬಣ್ಣ ಹೊಡೆಯುವುದು ಅಂದರೆ ಸ್ಪ್ರೇ ಗನ್ ಹಿಡಿಯುವುದು ಅಂತ ನೀವು ಅಂದುಕೊಂಡಿದ್ದರೆ, ಅದು ಇಡೀ ಕೆಲಸದಲ್ಲಿ ಅರ್ಧ ತಾಸಿನ ಮಾತು. ಉಳಿದದ್ದೆಲ್ಲ ತಿಕ್ಕುವುದು. ಮೊದಲು ತಂತಿ ಬಿಚ್ಚಿ, ನೆಕ್ಕಿನ ನಾಲ್ಕು ಸ್ಕ್ರೂ ತೆಗೆದು, ಒಳಗಿನ ವೈರುಗಳ ಫೋಟೋ ತೆಗೆದಿಟ್ಟುಕೊಂಡು ಎಲ್ಲ ಬೇರೆ ಮಾಡಬೇಕು. ನೆಕ್ ಕೂರುವ ಗುಂಡಿಗೆ ಮಾಸ್ಕಿಂಗ್ ಟೇಪ್ ಕಡ್ಡಾಯ. ಅಲ್ಲಿ ಬಣ್ಣ ದಪ್ಪಗೆ ಕೂತರೆ ನೆಕ್ ವಾಪಸ್ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಅಂಚಿನ ಬಣ್ಣ ಸೀಳುತ್ತದೆ.

ಹಳೆಯ ಬಣ್ಣವನ್ನು ಪೂರ್ತಿ ಕಿತ್ತು ಮರ ಕಾಣಿಸಬೇಕು ಎಂಬ ಹಟ ಬೇಡ. ಕಡಿಮೆ ಬೆಲೆಯ ಗಿಟಾರುಗಳ ಮೇಲಿರುವುದು ಸಾಮಾನ್ಯವಾಗಿ ದಪ್ಪ ಪಾಲಿಯೆಸ್ಟರ್. ಗಾಜಿನ ಹಾಗೆ ಗಟ್ಟಿ, ಪೇಂಟ್ ರಿಮೂವರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಕಷ್ಟಪಟ್ಟು ಕಿತ್ತರೆ ಕೆಳಗೆ ಸಿಗುವುದು ಐದಾರು ಚೂರು ಅಂಟಿಸಿದ ಮರ. ಹಳೆಯ ಪದರ ಎಲ್ಲೂ ಎದ್ದಿರದಿದ್ದರೆ ಅದನ್ನೇ ಬುನಾದಿ ಮಾಡಿಕೊಳ್ಳಿ. ಪೆಟ್ಟು ಬಿದ್ದ ಗುಳಿಗೆ ಪುಟ್ಟಿ ತುಂಬಿ (ನಮ್ಮೂರಿನ ಲಪ್ಪ ಇಲ್ಲಿ ಲಪ್ಪಂ ಆಗುತ್ತದೆ, ಗೋಡೆಯವರ ಬಾಯಲ್ಲಿ), 320ರ ಕಾಗದದಲ್ಲಿ ಹೊಳಪು ಸಾಯುವವರೆಗೆ ತಿಕ್ಕಿ, ಪ್ರೈಮರ್ ಹೊಡೆಯಿರಿ. ಪ್ರೈಮರ್ ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ಬೀಳದ ಗೀರೆಲ್ಲ ಅದರ ಮೇಲೆ ಎದ್ದು ಕಾಣುತ್ತದೆ, ಮತ್ತೆ ತಿಕ್ಕು. ಕೊನೆಯ ಕ್ಲಿಯರ್ ಕೋಟ್ ಆದಮೇಲೂ ನೀರು ಹಾಕಿ 1000, 1500, 2000ರ ವಾಟರ್ ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಇಷ್ಟೆಲ್ಲ ಆದರೆ ನಾದ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಬಣ್ಣದ ಪದರದಿಂದ ಅದರಲ್ಲಿ ಆಗುವ ವ್ಯತ್ಯಾಸ ಕೇಳಿಸುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಕ್ಲಿಯರ್ ಕೋಟ್ ಯಾವುದು ಎಂಬಲ್ಲಿ ಮಾತ್ರ ನಾವು ತಡೆದೆವು.

ಶೆಡ್ಡಿನ ಮಾಲೀಕರು ಇಪ್ಪತ್ತು ವರ್ಷಕ್ಕೂ ಹೆಚ್ಚು ಗನ್ ಹಿಡಿದವರು. ಅವರ ದಖನಿ ರಾಯಚೂರಿನವನಾದ ನನಗೆ ಹೊಸದಲ್ಲ, ಹಾಗಾಗಿ ಮಾತು ಬೇಗ ಕೂಡಿತು. ಅವರು ಹೇಳಿದ್ದು 2ಕೆ ಪಾಲಿಯುರೆಥೇನ್: ಎರಡು ಡಬ್ಬಿ, ಒಂದರಲ್ಲಿ ಕ್ಲಿಯರ್, ಇನ್ನೊಂದರಲ್ಲಿ ಹಾರ್ಡ್‌ನರ್. ಬೆಳಗ್ಗೆ ಹೊಡೆದರೆ ಮರುದಿನ ತಗೊಂಡು ಹೋಗಬಹುದು, ಬೆವರು, ಬಿಸಿಲು ಯಾವುದಕ್ಕೂ ಜಗ್ಗುವುದಿಲ್ಲ. ಎಲ್ಲ ನಿಜ. ಆದರೆ ಆ ಹಾರ್ಡ್‌ನರಿನಲ್ಲಿರುವುದು ಐಸೊಸಯನೇಟ್. ಅದರ ಮಂಜು ಉಸಿರಿಗೆ ಹೋಗುತ್ತಿದ್ದರೆ ಕೆಲವರ ದೇಹ ಅದರ ಮೇಲೆ ತಿರುಗಿಬೀಳುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಒಂದಿಷ್ಟು ಸೋಕಿದರೂ ಉಬ್ಬಸ. ಕಾರು ಪೇಂಟ್ ಮಾಡುವವರಲ್ಲಿ ಕೆಲಸದಿಂದ ಬರುವ ಅಸ್ತಮಾಕ್ಕೆ ಇದು ಎಲ್ಲ ದೇಶಗಳಲ್ಲೂ ಗೊತ್ತಿರುವ ಕಾರಣ. ಅಪಾಯದ ಮಟ್ಟದಲ್ಲೂ ವಾಸನೆ ಬಂದು ಎಚ್ಚರಿಸುತ್ತದೆ ಎಂಬ ಖಾತರಿಯಿಲ್ಲ. ಅದಕ್ಕೆ ಬೇಕಿರುವುದು ಗಾಳಿ ಎಳೆದು ಹೊರಹಾಕುವ ಬೂತ್, ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕ್. ಇಲ್ಲಿದ್ದದ್ದು ಎರಡು ಕಡೆ ಸೀರೆ ಕಟ್ಟಿದ ತಗಡಿನ ಮೂಲೆ, ಗನ್ ಹಿಡಿದ ಹತ್ತೊಂಬತ್ತರ ಹುಡುಗನ ಮೂಗಿಗೆ ಕರವಸ್ತ್ರ.

“ಭಾಯ್, ಇದು ಎದೆಗೆ ಒಳ್ಳೇದಲ್ಲ” ಅಂದೆ.

“ಆದತ್ ಹೋ ಗಯೀ ಸಾಬ್” ಎಂದು ನಕ್ಕರು. ಆಮೇಲೆ ತಾವೇ, ಚಳಿಗಾಲದಲ್ಲಿ ರಾತ್ರಿ ಎದೆಯಲ್ಲಿ ಸೀಟಿ ಹೊಡೆದ ಹಾಗೆ ಆಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಅಂದರು. ಡಾಕ್ಟರು ಧೂಳು ಅಂದರಂತೆ. ಡಾಕ್ಟರಿಗೆ ಏನು ಕೆಲಸ ಮಾಡುತ್ತೀನಿ ಅಂತ ಹೇಳಿದ್ರಾ ಅಂತ ಕೇಳಿದೆ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ನನ್ನ ಗಿಟಾರಿಗೆ ಎನ್‌ಸಿ ಕ್ಲಿಯರ್ ಸಾಕು ಅಂದೆ, ಅಂದರೆ ಅದೇ ಹಳೆಯ ನೈಟ್ರೋಸೆಲ್ಯುಲೋಸ್. ಅದರಲ್ಲಿ ಐಸೊಸಯನೇಟ್ ಇಲ್ಲ. ಹಾಗಂತ ಅದು ಗಂಗೋದಕವೂ ಅಲ್ಲ: ಥಿನ್ನರಿನ ಆವಿಗೆ ತಲೆ ಸುತ್ತುತ್ತದೆ, ಕಿಡಿ ತಾಗಿದರೆ ಧಗ್ಗೆನ್ನುತ್ತದೆ. ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ರಬ್ಬರಿನ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊಡೆದರೆ ಗಾಳಿಯ ತೇವ ಸಿಕ್ಕಿಬಿದ್ದು ಹಾಲಿನ ಕೆನೆಯಂತೆ ಬೆಳ್ಳಗಾಗುತ್ತದೆ. ಹೈದರಾಬಾದಿನಲ್ಲಿ ಜೂನಿಗೆ ಮೊದಲೇ ಮುಗಿಸಬೇಕು. ರಾಣಿಗಂಜಿನ ಹಾರ್ಡ್‌ವೇರ್ ಅಂಗಡಿಯಿಂದ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಎರಡು ತಂದುಕೊಟ್ಟೆ. ಥಿನ್ನರಿಗೆ ಅದು ಆಗುತ್ತದೆ, 2ಕೆಗೆ ಪೂರ್ತಿ ಭರವಸೆ ಇಡುವ ಹಾಗಿಲ್ಲ.

ಬಣ್ಣವೇ ಬೇಡ, ಮರ ಕಾಣಲಿ ಅನ್ನುವವರಿಗೆ ಗನ್ನೇ ಬೇಕಿಲ್ಲದ ದಾರಿ ಇದೆ: ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದು ಅದೇ, ಸ್ಪೇನಿನ ಕ್ಲಾಸಿಕಲ್ ಗಿಟಾರುಗಳ ಫ್ರೆಂಚ್ ಪಾಲಿಶ್ ಕೂಡ ಅದೇ. ನಮ್ಮ ತಾತಂದಿರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿದ್ದದ್ದೂ ಅದೇ. ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಗೆ ಬಟ್ಟೆ ಸುತ್ತಿ, ತೆಳ್ಳಗೆ ನೂರು ಸಲ ಉಜ್ಜಬೇಕು. ಬೆವರಿಗೆ, ಬಿಸಿಗೆ ಅಷ್ಟಾಗಿ ತಡೆಯದು, ಆದರೆ ಸವೆದ ಕಡೆ ಮತ್ತೆ ಉಜ್ಜಿದರೆ ಹಳೆಯದರೊಳಗೇ ಬೆರೆಯುತ್ತದೆ. ಕಿಟಕಿ ತೆರೆದಿಟ್ಟು ಮನೆಯಲ್ಲೇ ಮಾಡಬಹುದು.

ಕಾಯುವ ಪುರುಸೊತ್ತು ನನಗಿತ್ತು, ಎನ್‌ಸಿ ಆರಿಸಿಕೊಂಡೆ. ಕಾರು ಕೊಟ್ಟವರು ಸಂಜೆಗೇ ಬೇಕು ಅನ್ನುತ್ತಾರೆ. ಮೊನ್ನೆ ಶೆಡ್ಡಿಗೆ ಹೋದಾಗ ಒಂದು ಮಾಸ್ಕ್ ಹುಡುಗನ ಮುಖದ ಮೇಲಿತ್ತು, ಇನ್ನೊಂದು ಮೊಳೆಗೆ ನೇತಾಡುತ್ತಿತ್ತು. ಮಾಲೀಕರು ಕರವಸ್ತ್ರದಲ್ಲೇ ಒಂದು ಬಿಳಿ ಕಾರಿನ ಬಾನೆಟ್ಟಿಗೆ 2ಕೆ ಹೊಡೆಯುತ್ತಿದ್ದರು. ಎದೆಯ ಡಾಕ್ಟರ ಹತ್ತಿರ ಹೋಗೋಣ, ಈ ಸಲ ಹಾರ್ಡ್‌ನರ್ ಡಬ್ಬಿಯನ್ನೇ ತೋರಿಸೋಣ ಅಂತ ಒಪ್ಪಿಸಿದ್ದೇನೆ, ಶನಿವಾರಕ್ಕೆ ಅಪಾಯಿಂಟ್‌ಮೆಂಟ್. ಗಿಟಾರಿಗೆ ಇನ್ನೂ ಥಿನ್ನರ್ ವಾಸನೆ. ಅದು ಹೋಗುವವರೆಗೆ ವಾಟರ್ ಪೇಪರ್ ಮುಟ್ಟಿಸಬಾರದು.