ಆಧಾರ್ ಅಪ್ಪನದು, ಫೋನು ಮಗನ ಕೈಲಿ

ಅಶ್ಲೀಲ ಜಾಲತಾಣಗಳಿಂದ ಮಕ್ಕಳನ್ನು ದೂರ ಇಡುವುದು ಹೇಗೆ ಎಂಬ ಚಿಂತೆ ಮುಂಬಯಿಗೆ ಹೊಸದಲ್ಲ. ಸೈಬರ್ ಕೆಫೆಗಳ ಕಾಲದಲ್ಲಿ, 2001ರಲ್ಲೇ, ಈ ವಿಷಯ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತ್ತು. ಕೋರ್ಟು ಒಂದು ಸಮಿತಿ ನೇಮಿಸಿತು. ಮರುವರ್ಷ ಬಂದ ವರದಿಯ ಮುಖ್ಯ ಮಾತು ಎರಡು. ಕೆಫೆಗೆ ಬಂದವರ ಫೋಟೊ ಇರುವ ಗುರುತಿನ ಚೀಟಿ ಕೇಳಿ. ಅಪ್ರಾಪ್ತರನ್ನು ಕ್ಯಾಬಿನ್ನಿನ ಮರೆಯಲ್ಲಿ ಕೂರಿಸದೆ ನಾಲ್ಕು ಜನರಿಗೆ ಕಾಣುವ ಕಂಪ್ಯೂಟರ್ ಕೊಡಿ. 2011ರಲ್ಲಿ ಕೇಂದ್ರ ಸರಕಾರ ಸೈಬರ್ ಕೆಫೆ ನಿಯಮಗಳನ್ನು ತಂದಾಗ ಅಳತೆಯೂ ಸೇರಿಕೊಂಡಿತು: ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಕೂಡದು, ಪರದೆ ಹೊರಮುಖವಾಗಿರಬೇಕು, ಬಂದುಹೋದವರ ದಾಖಲೆ ಕಡೇಪಕ್ಷ ಒಂದು ವರ್ಷ ಇರಬೇಕು.

ಡೊಂಬಿವಲಿ, ಕಲ್ಯಾಣ್ ಸ್ಟೇಷನ್ನುಗಳ ಹೊರಗೆ ಅಂಥ ಕೆಫೆಗಳಲ್ಲಿ ಕೂತು ಎದ್ದವರಿಗೆ ಗೊತ್ತು, ಕೌಂಟರಿನ ರಿಜಿಸ್ಟರಿನಲ್ಲಿ ಹುಡುಗರು ಗೀಚಿದ ಹೆಸರನ್ನು ಯಾರೂ ಓದುತ್ತಿರಲಿಲ್ಲ. ಬೆನ್ನ ಹಿಂದೆ ಯಾರಾದರೂ ಹಾದುಹೋದಾರು ಎಂಬ ಅಳುಕು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು, ಕೆಫೆಗಳು ಜೆರಾಕ್ಸ್ ಅಂಗಡಿಗಳಾದವು. ಕ್ಯಾಬಿನ್ನು ಹುಡುಗರ ಜೇಬಿಗೇ ಬಂತು.

ಈಗ ಮತ್ತೆ ಗುರುತಿನ ಚೀಟಿಯ ಮಾತು. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ನೋಡುಗರ ವಯಸ್ಸು ಪರೀಕ್ಷಿಸಲೇಬೇಕು. ಅಲ್ಲಿನ ಜನ ಅದೇ ವಾರ, ತಾವಿರುವ ದೇಶ ಮರೆಮಾಚುವ ವಿಪಿಎನ್ ಆ್ಯಪ್‌ಗಳಿಗೆ ಮುಗಿಬಿದ್ದರು. ಅಮೆರಿಕದ ಸುಪ್ರೀಂ ಕೋರ್ಟು ಅದಕ್ಕೂ ಒಂದು ತಿಂಗಳು ಮೊದಲು ಟೆಕ್ಸಸ್ ರಾಜ್ಯದ ಇಂಥದೇ ಕಾನೂನನ್ನು ಎತ್ತಿಹಿಡಿದಿತ್ತು. ನಮ್ಮ ಸುಪ್ರೀಂ ಕೋರ್ಟಿನಲ್ಲೂ 2025ರ ನವೆಂಬರಿನಲ್ಲಿ ಆನ್‌ಲೈನ್ ಅಶ್ಲೀಲತೆಯ ವಿಚಾರಣೆಯ ವೇಳೆ, ವಯಸ್ಸು ತಿಳಿಯಲು ಆಧಾರ್ ಬಳಸಬಹುದೇನೋ ಎಂಬ ಸಲಹೆ ಪೀಠದಿಂದಲೇ ಬಂತು.

ನಿಷೇಧದ ದಾರಿಯನ್ನು ನಾವು ಆಗಲೇ ನೋಡಿದ್ದಾಗಿದೆ. 2015ರಲ್ಲಿ 857 ತಾಣಗಳನ್ನು ಮುಚ್ಚಲು ಆದೇಶ ಹೊರಟಿತು, ಕೆಲವೇ ದಿನಗಳಲ್ಲಿ ಸಡಿಲವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇರೆಗೆ 827 ತಾಣಗಳು ಬಂದ್ ಆದವು. ವಿಳಾಸದಲ್ಲಿ ಒಂದೆರಡು ಅಕ್ಷರ ಬದಲಿಸಿಕೊಂಡು ಮತ್ತೆ ಬಂದವು. 2015ರ ಆ ಆದೇಶಕ್ಕೆ ಕಾರಣವಾದ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ, ನಮ್ಮ ಚಿಕ್ಕಮಗಳೂರು ಜಿಲ್ಲೆಯವರಾದ ಎಚ್.ಎಲ್. ದತ್ತು, ವಯಸ್ಕನೊಬ್ಬ ತನ್ನ ಕೋಣೆಯೊಳಗೆ ನೋಡುವುದನ್ನು ತಡೆಯಲು ಬರುತ್ತದೆಯೇ ಎಂಬರ್ಥದ ಪ್ರಶ್ನೆ ಎತ್ತಿದ್ದರು. ವಯಸ್ಸಾದರೆ ವಿವೇಕ ಬಂದೀತೆಂಬ ಭರವಸೆ ಇಲ್ಲ, ಆ ಮಾತು ಬೇರೆ. 2012ರ ಫೆಬ್ರುವರಿಯಲ್ಲಿ ಕರ್ನಾಟಕ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟ ಮೂವರು ಸಚಿವರೂ ಹದಿನೆಂಟು ದಾಟಿದವರೇ.

ನನ್ನ ಆಕ್ಷೇಪ ಇರುವುದು ಇನ್ನೊಂದು ಕಡೆ. ಆಧಾರ್ ತೋರಿಸಿ ಎನ್ನುವ ಸಲಹೆ, ಫೋನು ಯಾರ ಹೆಸರಿನಲ್ಲಿದೆಯೋ ಅವರ ಕೈಯಲ್ಲೇ ಇರುತ್ತದೆ ಎಂದು ನಂಬಿಕೊಂಡಿದೆ. ಡೊಂಬಿವಲಿಯ ಒಂದು ರೂಮ್-ಕಿಚನ್ ಮನೆಗೆ ಬಂದು ನೋಡಲಿ. ಅಪ್ಪನ ಹಳೆಯ ಫೋನು ಮನೆಯಲ್ಲೇ ಇರುತ್ತದೆ, ಸಿಮ್ಮೂ ಅಪ್ಪನ ಹೆಸರಿನದೇ. ಶಾಲೆಯ ವಾಟ್ಸ್ಆ್ಯಪ್ ಗ್ರೂಪು, ಟ್ಯೂಷನ್ನಿನ ವೀಡಿಯೊ, ಅಜ್ಜಿಯ ಭಜನೆ, ತಂಗಿಯ ಕಾರ್ಟೂನು ಎಲ್ಲಕ್ಕೂ ಅದೊಂದೇ. ಅದರ ಪಿನ್ ಅಜ್ಜಿಗೆ ಮರೆತುಹೋದರೆ ಹೇಳಿಕೊಡುವವನು ಎಂಟನೇ ಇಯತ್ತೆಯ ಮೊಮ್ಮಗ. ಒಟಿಪಿ ಬರುವುದೂ ಅದೇ ಫೋನಿಗೆ. ಟೈಪ್ ಮಾಡುವ ಶ್ರಮವೂ ಬೇಡ, ಎಷ್ಟೋ ಸಲ ಫೋನೇ ಓದಿ ತಾನೇ ತುಂಬಿಕೊಳ್ಳುತ್ತದೆ. ಹುಡುಗ ಒಳಗೆ ಹೋಗುತ್ತಾನೆ, ದಾಖಲೆಯಲ್ಲಿ ಅಪ್ಪನ ಹೆಸರು ಉಳಿಯುತ್ತದೆ.

ಹಿಂದೆ 'ಎ' ಸರ್ಟಿಫಿಕೇಟಿನ ಸಿನಿಮಾಕ್ಕೆ ಥಿಯೇಟರಿನ ಗೇಟ್‌ಕೀಪರ್ ಹುಡುಗರ ಮೀಸೆ ನೋಡಿ ಒಳಗೆ ಬಿಡುತ್ತಿದ್ದ. ಮೋಸ ಆಗುತ್ತಿತ್ತು, ನಿಜ. ಆದರೆ ಅವನು ಕಂಡ ಮುಖವನ್ನು ಸಂಜೆಗೆ ಮರೆತಿರುತ್ತಿದ್ದ. ಕಂಪ್ಯೂಟರು ಮರೆಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೋರಿಹೋದವು. ವಯಸ್ಸು ಸಾಬೀತು ಮಾಡಲೆಂದು ಜನ ಕೊಟ್ಟಿದ್ದ ಚೀಟಿಗಳೇ ಅವು. ನವಿಮುಂಬಯಿಯ ಐರೋಲಿ, ಮಹಾಪೆ ಸುತ್ತಮುತ್ತ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಎದ್ದಿವೆ. ಯಾರು ಏನು ನೋಡಿದರೆಂಬ ಪಟ್ಟಿ ಅಂಥ ಯಾವುದೋ ಸರ್ವರಿನಲ್ಲಿ ಇದ್ದರೆ, ಬ್ಲ್ಯಾಕ್‌ಮೇಲ್ ಮಾಡುವವರಿಗೆ ಬೇರೆ ಬಂಡವಾಳ ಬೇಕೆ? 2023ರ ದತ್ತಾಂಶ ರಕ್ಷಣಾ ಕಾನೂನಿನಲ್ಲಿ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಅದು ಹೋಗುವುದು ಸರಕಾರದ ಬೊಕ್ಕಸಕ್ಕೆ, ಮಾನ ಹೋದವನ ಕೈಗಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇದೇ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ.

ಹಾಗಾದರೆ ಮಕ್ಕಳ ಗತಿ? ತಡೆ ಬೇಕು, ನನಗೆ ಅನುಮಾನವಿಲ್ಲ. ಅದು ಯಾರ ಹೆಸರನ್ನೂ ಕೇಳದ ತಡೆಯಾಗಲಿ. ಮಗುವಿಗೆ ಪ್ರತ್ಯೇಕ ಫೋನಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಪೋಷಕರ ನಿಯಂತ್ರಣದ ಆ್ಯಪ್ ಇದೆ. ಮನೆಯ ವೈಫೈ ರೂಟರಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಎಂದು ತುಂಬಿದರೆ ಬಹುಪಾಲು ಅಶ್ಲೀಲ ತಾಣಗಳು ತೆರೆಯುವುದಿಲ್ಲ. ದುಡ್ಡೂ ಇಲ್ಲ, ಆಧಾರೂ ಬೇಡ. ಮೊಬೈಲ್ ಡೇಟಾ ಹಾಕಿಕೊಂಡರೆ ಇದು ನಡೆಯದು, ಆಗ ಹಳೆಯ ಸಮಿತಿ ಹೇಳಿದ್ದೇ ಗತಿ: ಫೋನು ನಡುಮನೆಯಲ್ಲಿರಲಿ, ಪರದೆ ನಾಲ್ಕು ಜನರಿಗೆ ಕಾಣಲಿ.

ಅದೂ ಸಾಲದ ಸಂದರ್ಭಗಳಿವೆ. 2021ರ ಸೆಪ್ಟೆಂಬರಿನಲ್ಲಿ ಡೊಂಬಿವಲಿಯ ಮಾನ್ಪಾಡಾ ಪೊಲೀಸ್ ಠಾಣೆಯಲ್ಲಿ ದಾಖಲಾದ ಪ್ರಕರಣ ನೆನಪಿರಬಹುದು. ಹದಿನೈದರ ಹುಡುಗಿಯ ವೀಡಿಯೊ ಮಾಡಿಕೊಂಡು, ಅದನ್ನೇ ತೋರಿಸಿ ಹೆದರಿಸಿ, ತಿಂಗಳುಗಟ್ಟಲೆ ಅತ್ಯಾಚಾರ ಎಸಗಿದರೆಂಬ ಆರೋಪ ಮೂವತ್ತಕ್ಕೂ ಹೆಚ್ಚು ಮಂದಿಯ ಮೇಲೆ ಬಂತು. ಯಾವ ತಾಣದ ಬಾಗಿಲಲ್ಲಿ ವಯಸ್ಸು ಕೇಳಿದ್ದರೂ ಆ ಹುಡುಗಿಗೆ ಉಪಯೋಗವಿರಲಿಲ್ಲ. ಭಯಪಡದೆ ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬ ಹಿರಿಯರು ಬೇಕಿತ್ತು. ಥಾಣೆಯಿಂದ ಕಲ್ಯಾಣ್‌ವರೆಗೆ ನಮ್ಮ ಕನ್ನಡ ಸಂಘಗಳು ಯಕ್ಷಗಾನ, ಆರೋಗ್ಯ ಶಿಬಿರ, ವಿದ್ಯಾರ್ಥಿವೇತನ ಎಲ್ಲವನ್ನೂ ನಡೆಸುತ್ತವೆ. ಈ ವರ್ಷ ಒಂದು ಭಾನುವಾರ ತಾಯಿತಂದೆಯರನ್ನು ಕೂರಿಸಿ ಫೋನಿನ ಈ ಸೆಟ್ಟಿಂಗುಗಳನ್ನೂ, ಮಕ್ಕಳು ಅಳುತ್ತಾ ಬಂದರೆ ಬೈಯದೆ ಕೇಳುವುದನ್ನೂ ಹೇಳಿಕೊಡಲಿ. ಚಿತ್ರ ತೋರಿಸಿ ಮಗುವನ್ನು ಯಾರಾದರೂ ಹೆದರಿಸುತ್ತಿದ್ದರೆ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ಬಗ್ಗೆ ದೂರು ಕೊಡಲು ಹೆಸರು ಹೇಳಬೇಕಾಗಿಯೂ ಇಲ್ಲ.